ಗರುಗ

ಗರುಗವು ಸೇವಂತಿಗೆಯ ಕುಟುಂಬಕ್ಕೆ ಸೇರಿದ, ಜೌಗು ನೆಲದಲ್ಲಿ ತಾನಾಗಿ ಬೆಳೆಯುವ ಔಷಧೀಯ ಕಳೆಗಿಡ. ಸಸ್ಯಶಾಸ್ತ್ರೀಯ ಹೆಸರು ಎಕ್ಲಿಪ್ಟಾ ಪ್ರಾಸ್ಟ್ರೇಟಾ. ಸಂಸ್ಕೃತದಲ್ಲಿ ಭೃಂಗರಾಜ, ಮರಾಠಿಯಲ್ಲಿ ಮಾಕಾ. ಗದ್ದೆಯ ಬದು, ಚರಂಡಿಯ ಅಂಚು, ಕೆರೆದಂಡೆಗಳು ಇದರ ನೆಲೆ. ಮುಂಬಯಿಯ ಪವಾಯಿಯಲ್ಲಿ 1891ರಲ್ಲಿ ನಿರ್ಮಾಣವಾದ ಕೆರೆಯ ಸುತ್ತಲಿನಂಥ ಒದ್ದೆ ನೆಲ ಇದಕ್ಕೆ ಹೇಳಿ ಮಾಡಿಸಿದ್ದು. ಎದುರುಬದುರು ಹೊರಡುವ ಒರಟು ಎಲೆ, ಅಂಗಿಯ ಗುಂಡಿಯಷ್ಟು ಬಿಳಿ ಹೂ. ಅನುಮಾನವಿದ್ದರೆ ದಂಟು ಚಿವುಟಿ ಹೊಸಕಿ ನೋಡಬೇಕು. ರಸ ಗಾಳಿ ತಾಗಿ ಕಪ್ಪಾಗುತ್ತದೆ. ಹಳದಿ ಹೂವಿನ ಬೇರೊಂದು ಗಿಡವೂ ಭೃಂಗರಾಜವೆಂದೇ ಕರೆಸಿಕೊಳ್ಳುವುದರಿಂದ ಈ ಪರೀಕ್ಷೆ ಉಪಯುಕ್ತ.

ಚೀನಾದ ಔಷಧಗ್ರಂಥಗಳಲ್ಲಿ ಇದು ತಾಂಗ್ ರಾಜವಂಶದ ಕಾಲದಲ್ಲಿ, ಕ್ರಿ.ಶ. 659ರಲ್ಲೇ ದಾಖಲಾಗಿದೆ. ಇಂದಿನ ಹೆಸರು ಮೋ ಹಾನ್ ಲಿಯಾನ್. ಹೂಬಿಟ್ಟ ಗಿಡವನ್ನು ಕೊಯ್ದು, ಒಣಗಿಸಿ, ತುಂಡರಿಸಿ ಇಡುತ್ತಾರೆ. ಕಷಾಯಕ್ಕೆ ದಿನಕ್ಕೆ 6ರಿಂದ 12 ಗ್ರಾಂ. ಯಕೃತ್ತು, ಮೂತ್ರಪಿಂಡಗಳ ‘ಯಿನ್’ ಎಂಬ ತಂಪಿನ ಅಂಶ ಹೆಚ್ಚಿಸುತ್ತದೆ, ರಕ್ತಸ್ರಾವ ತಡೆಯುತ್ತದೆ ಎಂಬುದು ಅಲ್ಲಿನ ವೈದ್ಯರ ಮತ. ಹೆಸರಾದ ತಯಾರಿಕೆ ‘ಅರ್ ಝಿ ವಾನ್’ ಗುಳಿಗೆ. ಇದಕ್ಕೆ ಬೇಕಾದ ಲಿಗಸ್ಟ್ರಮ್ ಮರದ ಹಣ್ಣನ್ನು ಚಳಿಗಾಲದ ಅಯನದ ಹೊತ್ತಿಗೂ ಗರುಗವನ್ನು ಬೇಸಿಗೆಯ ಅಯನದ ಹೊತ್ತಿಗೂ ಸಂಗ್ರಹಿಸುವುದು ಹಳೆಯ ಕ್ರಮ. ಹಣ್ಣನ್ನು ಮದ್ಯದಲ್ಲಿ ನೆನೆಸಿ, ಹಬೆಯಲ್ಲಿ ಬೇಯಿಸಿ, ಒಣಗಿಸಿ ಪುಡಿ ಮಾಡುತ್ತಾರೆ. ಗರುಗವನ್ನು ಕುದಿಸಿ, ಸೋಸಿ, ಲೇಹ್ಯದ ಹದಕ್ಕೆ ಇಳಿಸಿ, ಜೇನಿನೊಂದಿಗೆ ಆ ಪುಡಿಗೆ ಕಲಸಿ ಗುಳಿಗೆ ಕಟ್ಟುತ್ತಾರೆ. ತಲೆಸುತ್ತು, ಅಕಾಲ ನರೆ, ಮಂಡಿಯ ನಿಶ್ಶಕ್ತಿಗೆ ಇದನ್ನು ಕೊಡುವ ರೂಢಿಯಿದೆ. ಬೇಸಿಗೆಯ ಅಯನಕ್ಕೆ ಗರುಗ ಕೊಯ್ಯುವ ಈ ಕ್ರಮ ಪವಾಯಿಗೆ ಹೊಂದದು: ಮುಂಗಾರು ಮುಂಬಯಿ ತಲುಪುವುದೇ ಜೂನ್ ಎರಡನೆಯ ವಾರದ ಆಸುಪಾಸಿನಲ್ಲಿ, ಮಳೆಯನ್ನೇ ನಂಬಿದ ಗಿಡ ಆಗಿನ್ನೂ ಎಳೆಯದು.

ನಮ್ಮಲ್ಲಿ ಹಸಿ ರಸಕ್ಕೇ ಬೆಲೆ. ಒಂದು ಪಾಲು ಎಳ್ಳೆಣ್ಣೆಗೆ ನಾಲ್ಕು ಪಾಲು ರಸ, ಕಾಲು ಪಾಲು ಅರೆದ ಕಲ್ಕ ಸೇರಿಸಿ ಸಣ್ಣ ಉರಿಯಲ್ಲಿ ಕಾಯಿಸುವುದು ಆಯುರ್ವೇದದ ಸಾಮಾನ್ಯ ಸೂತ್ರ. ಕಲ್ಕ ಬೆರಳ ನಡುವೆ ಬತ್ತಿಯಂತೆ ಹೊಸೆದು ಬರಬೇಕು, ಬೆಂಕಿಗೆ ಹಾಕಿದರೆ ಚಟಪಟ ಸದ್ದು ಬರಬಾರದು. ಆಗ ಎಣ್ಣೆ ಹದಕ್ಕೆ ಬಂತೆಂದು ಲೆಕ್ಕ. ಇದು ಕೂದಲಿಗೆ ಹಚ್ಚುವ ತೈಲ. ಗರುಗದ ರಸದಲ್ಲಿ ಅದ್ದಿ ಒಣಗಿಸಿದ ಬಟ್ಟೆಯ ಬತ್ತಿ ಉರಿಸಿ ಕಾಡಿಗೆ ಹಿಡಿಯುವುದೂ ಉಂಟು. ಕಾಡಿಗೆ ಗರುಗವೆಂಬ ಹೆಸರೂ ಬಳಕೆಯಲ್ಲಿದೆ. ಮಹಾರಾಷ್ಟ್ರದಲ್ಲಿ ಶ್ರಾದ್ಧದ ಪೂಜೆಗೂ ಮಾಕಾದ ಎಲೆ ಬೇಕು.

ಗಿಡದಲ್ಲಿರುವ ವೆಡೆಲೊಲ್ಯಾಕ್ಟೋನ್ ಎಂಬ ರಾಸಾಯನಿಕ ಅದರ ಗುಣಮಟ್ಟದ ಅಳತೆಗೋಲು. ಕೂದಲು ಬೆಳೆಸುತ್ತದೆಂಬ ಮಾತಿಗೆ ಇರುವ ಆಧಾರ ಹೆಚ್ಚಾಗಿ ಇಲಿಗಳ ಮೇಲಿನ ಪ್ರಯೋಗಗಳದು. ಜಾಹೀರಾತುಗಳು ಇದನ್ನು ಹೇಳುವುದಿಲ್ಲ. ಪವಾಯಿ ಕೆರೆಗೆ ಕೊಳಚೆನೀರು ಸೇರುತ್ತ ಬಂದಿರುವುದರಿಂದ ಅದರ ದಂಡೆಯ ಗಿಡ ಔಷಧಕ್ಕೆ ಸಲ್ಲದು. ಬೇರು ಸಹಿತ ತಂದು ಕುಂಡದಲ್ಲಿ ನೆಟ್ಟರೆ, ಮಣ್ಣು ಒಣಗಲು ಬಿಡದಿದ್ದಲ್ಲಿ, ಬಾಲ್ಕನಿಯಲ್ಲೂ ಚೆನ್ನಾಗಿ ಹಬ್ಬುತ್ತದೆ. ಔಷಧಕ್ಕೆ ಅಲ್ಲಿ ಬಂದ ಹೊಸ ಚಿಗುರನ್ನೇ ಬಳಸುವುದು ಒಳ್ಳೆಯದು.