ಮಾಗಳಿ ಬೇರಿನ ಚರಿತ್ರೆ

ಮಾಗಳಿ ಬೇರಿನ ಉಪ್ಪಿನಕಾಯಿಯ ಭರಣಿ ತೆರೆದ ಮನೆಯನ್ನು ಬೀದಿಯಲ್ಲಿ ನಿಂತೇ ಗುರುತಿಸಬಹುದು. ಆ ಪರಿಮಳವನ್ನು ಮೆಚ್ಚಿದವರಿಗೆ ಮಜ್ಜಿಗೆಯನ್ನದೊಡನೆ ಅನ್ಯ ವ್ಯಂಜನವೇ ಬೇಡ. ಮೆಚ್ಚದವರು ತಿಗಣೆಯ ನಾತವೆಂದು ಹಳಿದು ಮೂಗು ಮುಚ್ಚಿಕೊಳ್ಳುವರು. ಗೆಟ್ಟವಾಡಿಯವರಾದ ನಾವು ಮೊದಲನೆಯ ಪಂಗಡದವರೆಂದು ಬೇರೆ ಹೇಳಬೇಕಾಗಿಲ್ಲ. ಆದರೆ ನಾವು ನಂಚಿಕೊಳ್ಳುವ ಈ ಬೇರಿಗೂ ಒಂದು ಚರಿತ್ರೆಯುಂಟೆಂಬುದನ್ನು ನಮ್ಮಲ್ಲಿ ಬಹುಮಂದಿ ಅರಿಯರು.

ಬಂಡೆಗಳ ಸಂದಿನಲ್ಲಿ ಹಬ್ಬುವ ಹಾಲುಬಳ್ಳಿಯಿದು. ದಕ್ಷಿಣ ಭಾರತದ ಬೆಟ್ಟಗಳನ್ನು ಬಿಟ್ಟರೆ ಜಗತ್ತಿನ ಬೇರಾವ ಕಾಡಿನಲ್ಲಿಯೂ ಇದು ತಾನಾಗಿ ಹುಟ್ಟದು. 1834ರಲ್ಲಿ ರಾಬರ್ಟ್ ವೈಟ್ ಮತ್ತು ಆರ್ನಟ್ ಎಂಬ ಸಸ್ಯಶಾಸ್ತ್ರಜ್ಞರು ಇದಕ್ಕೆ ‘ಡೆಕಲೆಪಿಸ್ ಹ್ಯಾಮಿಲ್ಟೋನಿಯೈ’ ಎಂದು ನಾಮಕರಣ ಮಾಡಿದರು. ಇದೇ ವೈಟ್ ಮಹಾಶಯರು ಮುಂದೆ ಕೊಯಮತ್ತೂರಿನಲ್ಲಿದ್ದು ಅಮೆರಿಕದ ಹತ್ತಿಯ ಬೇಸಾಯವನ್ನು ಪರೀಕ್ಷಿಸಿದರು. ನಮ್ಮ ಬೆಟ್ಟಗಳು ಆಗ ಆ ಜಿಲ್ಲೆಗೇ ಸೇರಿದ್ದವು. ಸೋಲಿಗರಿಗೆ ಮಾತ್ರ ಬಳ್ಳಿಯ ಗುರುತು ಹೇಳಲು ಯಾವ ಸಾಹೇಬನೂ ಬೇಕಿರಲಿಲ್ಲ.

ಪರಿಮಳದ ಮೂಲವನ್ನು ರಸಾಯನಶಾಸ್ತ್ರಜ್ಞರು ಬಹುಕಾಲದಿಂದ ಶೋಧಿಸಿದ್ದಾರೆ. 1941ರ ಸುಮಾರಿನಲ್ಲಿ ಆಂಧ್ರ ವಿಶ್ವವಿದ್ಯಾನಿಲಯದ ಟಿ. ಆರ್. ಶೇಷಾದ್ರಿಯವರೂ ಅವರ ಸಹೋದ್ಯೋಗಿ ಮೂರ್ತಿಯವರೂ ಈ ಬೇರಿನ ಅಂಶಗಳನ್ನು ಪರಿಶೀಲಿಸಿ ಪ್ರಕಟಿಸಿದರು. ಮುಖ್ಯ ವಸ್ತುವಿನ ಹೆಸರು 2-ಹೈಡ್ರಾಕ್ಸಿ-4-ಮೆಥಾಕ್ಸಿಬೆಂಜಾಲ್ಡಿಹೈಡ್. ಹೆಸರು ಬಾಯಿಗೆ ಕಷ್ಟವಾದರೂ ಅದರ ನೆಂಟ ನಮಗೆ ಪರಿಚಿತನೇ: ಐಸ್‌ಕ್ರೀಮಿಗೆ ಕಂಪನ್ನೀಯುವ ವೆನಿಲಿನ್. ಎರಡರಲ್ಲಿಯೂ ಎಂಟು ಇಂಗಾಲ, ಎಂಟು ಜಲಜನಕ, ಮೂರು ಆಮ್ಲಜನಕ ಪರಮಾಣುಗಳು, ಜೋಡಣೆಯಷ್ಟೇ ಬೇರೆ. ಜೋಡಣೆ ಬೇರೆಯಾದುದರಿಂದಲೇ ಒಂದು ವೆನಿಲ್ಲಾ, ಇನ್ನೊಂದು ಮಾಗಳಿ!

ಈ ವಸ್ತು ಸೂಕ್ಷ್ಮಜೀವಿಗಳನ್ನು ತಡೆಯಬಲ್ಲುದು. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾಲಯದವರು ಬೇರಿನ ಸಾರವನ್ನು ದಾಸ್ತಾನಿನ ಧಾನ್ಯಕ್ಕೆ ಬೀಳುವ ಹುಳುಗಳ ಮೇಲೂ ಪ್ರಯೋಗಿಸಿ ನೋಡಿದ್ದಾರೆ. ಬೇರಿನ ಸಿಪ್ಪೆ ಹೆರೆದು, ನಡುವಣ ಗಟ್ಟಿ ನಾರನ್ನು ಕಿತ್ತು, ಹೋಳುಗಳನ್ನು ಹುಳಿಮಜ್ಜಿಗೆಯಲ್ಲಿ ಹಾಕುವ ನಮ್ಮ ತಾಯಂದಿರ ಭರಣಿ ಕೆಡದಿರುವುದಕ್ಕೆ ಉಪ್ಪು ಹುಳಿಗಳೊಡನೆ ಇದೂ ಕೈಗೂಡಿಸಿರಬೇಕು.

ಔಷಧದ ಮಾತಿನಲ್ಲಿ ಎಚ್ಚರಿಕೆ ಬೇಕು. ಹಸಿವು ಹೆಚ್ಚಲು, ದೇಹ ತಂಪಾಗಲು, ರಕ್ತಶುದ್ಧಿಗೆ ಇದನ್ನು ಸೇವಿಸುವ ವಾಡಿಕೆಯುಂಟು. ಗ್ರಂದಿಗೆ ಅಂಗಡಿಗಳಲ್ಲಿ ಸೊಗದೆ ಬೇರಿಗೆ ಬದಲಾಗಿಯೂ ಇದು ಮಾರಾಟವಾಗುವುದು. ಎರಡಕ್ಕೂ ಕಂಪು ಹೋಲುತ್ತದೆ. ಗಿಡಗಳು ಮಾತ್ರ ಬೇರೆ. ಯಕೃತ್ತನ್ನು ಕಾಪಾಡುವ ಗುಣವನ್ನು ಪ್ರಯೋಗಶಾಲೆಯ ಇಲಿಗಳಲ್ಲಿ ಕಂಡಿದ್ದಾರೆ. ಇಲಿಗೆ ಹಿತವಾದುದೆಲ್ಲ ಮನುಷ್ಯನ ರೋಗಕ್ಕೆ ಮದ್ದೆಂದು ಹೇಳುವ ಧೈರ್ಯ ನಮಗಿಲ್ಲ.

1956ರ ನವೆಂಬರ್ 1ರಂದು ರಾಜ್ಯಗಳು ಪುನರ್ವಿಂಗಡಣೆಯಾದಾಗ ಕೊಳ್ಳೇಗಾಲವು ಮೈಸೂರಿಗೆ ಸೇರಿತು, ತಾಳವಾಡಿ ಮದರಾಸಿನಲ್ಲಿ ಉಳಿಯಿತು. ಬಳ್ಳಿ ಎರಡೂ ಕಡೆ ಹಬ್ಬಿಕೊಂಡೇ ಇದೆ. ಬಿಳಿಗಿರಿರಂಗನ ಬೆಟ್ಟ 2011ರಲ್ಲಿ, ಸತ್ಯಮಂಗಲ 2013ರಲ್ಲಿ ಹುಲಿ ರಕ್ಷಿತಾರಣ್ಯಗಳಾದವು. ಕಿರು ಅರಣ್ಯೋತ್ಪನ್ನಗಳ ಮೇಲೆ ಅರಣ್ಯವಾಸಿಗಳಿಗಿರುವ ಹಕ್ಕನ್ನು 2006ರ ಅರಣ್ಯ ಹಕ್ಕು ಕಾಯಿದೆ ಮಾನ್ಯಮಾಡಿದೆ. ಕಾಯಿದೆಗಳಿಗಿಂತ ಹತ್ತಿರದ ಅಪಾಯವೆಂದರೆ ಪೇಟೆಯ ಬೇಡಿಕೆ. ಎಲೆ ಕೊಯ್ದರೆ ಮತ್ತೆ ಚಿಗುರುತ್ತದೆ; ಬೇರನ್ನೇ ಬುಡಸಹಿತ ಅಗೆದರೆ ಬಳ್ಳಿ ಸಾಯುತ್ತದೆ. ಒಂದು ಬದಿಯ ಗೆಡ್ಡೆಗಳನ್ನಷ್ಟೇ ಬಿಡಿಸಿ, ಉಳಿದುದಕ್ಕೆ ಮಣ್ಣು ಮುಚ್ಚಿ ಬರುವವನು ತರುವ ಹೊರೆ ಚಿಕ್ಕದು, ಬೆಲೆ ಹೆಚ್ಚು. ನಮ್ಮ ಮನೆಗಳವರು ಆ ಹೊರೆಯನ್ನೇ ಕೊಳ್ಳಬೇಕೆಂದು ಬೇಡುತ್ತೇವೆ.