ಮೊಳಕಾಲ್ಮೂರಿಗೆ ಬಂದ ಬ್ರಿಗೇಡಿಯರ್

ಚಳ್ಳಕೆರೆ ಅಂದ್ರೆ ಶೇಂಗಾ ಎಣ್ಣೆ, ಮೊಳಕಾಲ್ಮೂರು ಅಂದ್ರೆ ರೇಷ್ಮೆ ಸೀರೆ. ಬೆಂಗಳೂರಲ್ಲಿ ಕೂತ ನಮ್ಮ ಜ್ಞಾನ ಬಹುತೇಕ ಅಲ್ಲಿಗೇ ಮುಗಿಯುತ್ತೆ. ಈಚೆಗೆ ಡಿಆರ್‌ಡಿಒ ಡ್ರೋನ್ ಪರೀಕ್ಷೆಗಳಿಂದಾಗಿ ಚಳ್ಳಕೆರೆ ಆಗಾಗ ಪೇಪರಿನಲ್ಲಿ ಕಾಣಿಸುತ್ತೆ, ಅಷ್ಟೇ. ಆದರೆ 1947ರಲ್ಲಿ, ಎರಡು ಮಹಾಯುದ್ಧ ಕಂಡ ಬ್ರಿಟಿಷ್ ಬ್ರಿಗೇಡಿಯರ್ ಒಬ್ಬ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ ಬುಡದಲ್ಲಿ ನಿಂತು ನೆಲ ಅಗೆಸುತ್ತಿದ್ದ. ಹೆಸರು ಮಾರ್ಟಿಮರ್ ವೀಲರ್.

1913ರಲ್ಲಿ ಇಂಗ್ಲೆಂಡಿನ ರಾಕ್ಸಿಟರ್ ಎಂಬಲ್ಲಿ ಐವರು ವಿದ್ಯಾರ್ಥಿಗಳು ಒಟ್ಟಿಗೆ ಉತ್ಖನನ ಮಾಡಿದ್ದರು. ಮೊದಲ ಮಹಾಯುದ್ಧ ಮುಗಿದಾಗ ಉಳಿದದ್ದು ವೀಲರ್ ಒಬ್ಬನೇ. ಫಿರಂಗಿ ದಳದಲ್ಲಿದ್ದವನಿಗೆ ಮಿಲಿಟರಿ ಕ್ರಾಸ್ ಪದಕವೇನೋ ಸಿಕ್ಕಿತು, ಆದರೆ ಜೊತೆಗೆ ಕೆಲಸ ಮಾಡಬೇಕಿದ್ದ ಒಂದು ತಲೆಮಾರೇ ಇರಲಿಲ್ಲ. ಆತನ ಮುಂದಿನ ಅವಸರ, ಒರಟುತನ, ಹುಡುಗರಿಗೆ ತರಬೇತಿ ಕೊಡುವ ಹುಚ್ಚು ಎಲ್ಲದರ ಬೇರು ಇಲ್ಲೇ ಇದೆ ಅಂತ ನನಗನ್ನಿಸುತ್ತೆ.

ಎರಡನೇ ಯುದ್ಧದಲ್ಲಿ ಐವತ್ತು ದಾಟಿದ ಮೇಲೂ ಆತ ಎಲ್ ಅಲಮೇನ್‌ನಲ್ಲಿ ವಿಮಾನ ನಿರೋಧಕ ತುಕಡಿಯೊಂದರ ಮುಖ್ಯಸ್ಥ. ಸೈನ್ಯ ಲಿಬಿಯಾ ಹೊಕ್ಕಾಗ ಲೆಪ್ಟಿಸ್ ಮ್ಯಾಗ್ನಾದ ರೋಮನ್ ಅವಶೇಷಗಳಿಗೆ ತಮ್ಮವರಿಂದಲೇ ಹಾನಿಯಾಗದಂತೆ ಓಡಾಡಿದ. 1943ರಲ್ಲಿ ವೇವೆಲ್ ಕಡೆಯಿಂದ ಭಾರತದ ಪುರಾತತ್ವ ಇಲಾಖೆಯ ಮಹಾನಿರ್ದೇಶಕನಾಗಲು ಕರೆ ಬಂತು. ಇಟಲಿಯ ದಾಳಿ ಮುಗಿಸಿಕೊಂಡೇ ಹೊರಟ, 1944ರಲ್ಲಿ ಇಲ್ಲಿಗೆ ಬಂದ.

ಬ್ರಹ್ಮಗಿರಿಯೇ ಯಾಕೆ? ಅಲ್ಲಿ ಅಶೋಕನ ಶಾಸನವಿದೆ, ಬಿ. ಎಲ್. ರೈಸ್ 1892ರಲ್ಲಿ ಕಂಡದ್ದು. ಮೈಸೂರಿನ ಎಂ. ಎಚ್. ಕೃಷ್ಣ ಮೊದಲೇ ಅಲ್ಲಿ ಅಗೆಸಿದ್ದರು (ಈ ಹೆಸರನ್ನು ನಾವು ಸುಲಭವಾಗಿ ಮರೆಯುತ್ತೇವೆ). ವೀಲರ್ ಬಳಿ ಇದ್ದದ್ದು ಒಂದು ಕೀಲಿಕೈ. 1945ರಲ್ಲಿ ಪಾಂಡಿಚೇರಿ ಹತ್ತಿರದ ಅರಿಕಮೇಡುವಿನಲ್ಲಿ ಇಟಲಿಯ ಮಡಕೆ ಚೂರುಗಳು ಸಿಕ್ಕಿದ್ದವು. ಅವುಗಳ ಕಾಲ ಗೊತ್ತು, ಕ್ರಿಸ್ತಶಕದ ಆರಂಭ. ಅವುಗಳ ಜೊತೆಯಲ್ಲೇ ಸಿಕ್ಕ ಒಂದು ಬಗೆಯ ಗೀರುಚಿತ್ತಾರದ ಮಡಕೆ ಬ್ರಹ್ಮಗಿರಿಯಲ್ಲೂ ಸಿಕ್ಕರೆ ಆ ಪದರದ ಕಾಲ ಗೊತ್ತಾದ ಹಾಗೆ. ಸಿಕ್ಕಿತು ಕೂಡ! ಅದರ ಕೆಳಗೆ ಕಬ್ಬಿಣ ಬಳಸಿ ದೊಡ್ಡ ಕಲ್ಲುಗಳ ಗೋರಿ ಕಟ್ಟಿದವರು, ಇನ್ನೂ ಕೆಳಗೆ ಕಲ್ಲುಕೊಡಲಿಯವರು. ಚೌಕಗಳಾಗಿ ಅಗೆದು, ನಡುವೆ ಮಣ್ಣಿನ ಗೋಡೆ ಬಿಟ್ಟು, ಪದರ ಪದರಕ್ಕೂ ಗುರುತು ಹಾಕುವ ಆ ಶಿಸ್ತಿನಿಂದಲೇ ದಕ್ಷಿಣ ಭಾರತದ ಇತಿಹಾಸಪೂರ್ವಕ್ಕೆ ಮೊದಲ ಬಾರಿ ಒಂದು ಗಟ್ಟಿ ಏಣಿ ಸಿಕ್ಕಿತು.

ಏಣಿಯ ಮೆಟ್ಟಿಲ ಲೆಕ್ಕ ಮಾತ್ರ ತಪ್ಪಿತ್ತು. ಗೋರಿ ಕಟ್ಟಿದವರು ಬಂದದ್ದು ಕ್ರಿ.ಪೂ. 200ರ ಸುಮಾರಿಗೆ ಅಂದಿದ್ದ ವೀಲರ್. ಮುಂದೆ ಬೇರೆ ನೆಲೆಗಳಲ್ಲಿ ನಡೆದ ಕಾರ್ಬನ್ ಪರೀಕ್ಷೆಗಳು ಕರ್ನಾಟಕದ ಕಬ್ಬಿಣಯುಗವನ್ನು ಕ್ರಿ.ಪೂ. 1000ಕ್ಕೂ ಹಿಂದಕ್ಕೆ ತಳ್ಳಿದವು. ಆತನಿಗೆ ಆ ಪರೀಕ್ಷೆಯ ಸೌಲಭ್ಯ ಇರಲಿಲ್ಲ, ನಿಜ. ಆದರೆ ಹೊಸದೆಲ್ಲ ಹೊರಗಿಂದ ಬಂದವರೇ ತಂದದ್ದು ಅನ್ನೋ ಅವಸರದ ನಂಬಿಕೆ ಇತ್ತಲ್ಲ, ಅದು ಸೇನಾಧಿಕಾರಿಯ ಕಣ್ಣು.

ಆ ಗೋರಿಗಳಲ್ಲಿ ಆತ ಕಂಡದ್ದು ಇಡೀ ದೇಹಗಳನ್ನಲ್ಲ. ಬೇರೆಡೆ ಬಯಲಲ್ಲಿ ಬಿಟ್ಟು, ಆಮೇಲೆ ಆಯ್ದು ತಂದು ಒಟ್ಟಿಗೆ ಇಟ್ಟ ಹಲವರ ಮೂಳೆಗಳು. ರಾಕ್ಸಿಟರ್‌ನ ಐವರಲ್ಲಿ ಉಳಿದ ಒಬ್ಬ, ಐವತ್ತಾರರ ವಯಸ್ಸಿನಲ್ಲಿ, ಅವನ್ನು ಒಂದೊಂದಾಗಿ ಲೆಕ್ಕ ಹಾಕಿಸಿ ಬರೆಸಿದ.