ಗಾಯ ಒಣಗಬೇಕಾ?

“ಸ್ವಲ್ಪ ಗಾಳಿ ಆಡ್ಲಿ ಬಿಡು, ಒಣಗಿದ್ರೆ ತಾನೇ ವಾಸಿಯಾಗುತ್ತೆ” - ಈ ಮಾತು ಕೇಳದೆ ಬೆಳೆದವರು ನಿಮ್ಮಲ್ಲಿ ಯಾರಾದ್ರೂ ಇದ್ದೀರಾ? ನಮ್ಮ ಅಜ್ಜಿಯಂದಿರಷ್ಟೇ ಅಲ್ಲ, 1960ರ ಸುಮಾರಿನ ತನಕ ಇಂಗ್ಲೆಂಡಿನ ಡಾಕ್ಟರುಗಳೂ ಹೆಚ್ಚುಕಮ್ಮಿ ಇದನ್ನೇ ನಂಬಿದ್ದರು.

1962ರಲ್ಲಿ ಜಾರ್ಜ್ ವಿಂಟರ್ ಎಂಬ ವಿಜ್ಞಾನಿ ಎಳೆ ಹಂದಿಗಳ ಬೆನ್ನ ಮೇಲೆ ಸಣ್ಣ ಗಾಯಗಳನ್ನು ಮಾಡಿ, ಕೆಲವನ್ನು ಹಾಗೇ ಬಿಟ್ಟು, ಕೆಲವಕ್ಕೆ ತೆಳು ಪಾಲಿಥೀನ್ ಹಾಳೆ ಮುಚ್ಚಿದ. ಮುಚ್ಚಿದ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ಬೇಗ ಹಬ್ಬಿತು! ಒಣಗಿ ಹೆಕ್ಕಳೆ ಕಟ್ಟಿದರೆ ಹೊಸ ಜೀವಕೋಶಗಳು ಅದರಡಿಯಲ್ಲಿ ದಾರಿ ಕೊರೆದುಕೊಂಡು ಹೋಗಬೇಕು. ತೇವ ಇದ್ದರೆ ಸಲೀಸಾಗಿ ಜಾರಿಕೊಂಡು ಹೋಗುತ್ತವೆ. ಮರುವರ್ಷವೇ ಮನುಷ್ಯರಲ್ಲೂ ಇದು ಖಾತ್ರಿಯಾಯಿತು.

ತಮಾಷೆ ಅಂದ್ರೆ, ಇದಕ್ಕೆ ಹೇಳಿ ಮಾಡಿಸಿದ ವಸ್ತು ಆಗಲೇ ಸಿದ್ಧವಾಗಿತ್ತು. 1881ರಲ್ಲೇ ಎಡ್ವರ್ಡ್ ಸ್ಟ್ಯಾನ್‌ಫರ್ಡ್ ಕಂದು ಕಡಲಪಾಚಿಯಿಂದ ಲೋಳೆಯಂಥ ವಸ್ತು ತೆಗೆದು ಪೇಟೆಂಟ್ ಪಡೆದಿದ್ದ. ಅದೇ ಆಲ್ಜಿನೇಟ್, ಐಸ್‌ಕ್ರೀಮಿಗೂ ಹಾಕ್ತಾರೆ. 1947ರಲ್ಲಿ ಜಾರ್ಜ್ ಬ್ಲೇನ್ ಎಂಬ ವೈದ್ಯ ಶಸ್ತ್ರಚಿಕಿತ್ಸೆಯಲ್ಲಿ ಇದರ ಉಪಯೋಗದ ಬಗ್ಗೆ ಬರೆದ. ಆದರೆ ಆಲ್ಜಿನೇಟ್ ಪಟ್ಟಿಗಳು ಚೆನ್ನಾಗಿ ಬಳಕೆಗೆ ಬಂದಿದ್ದು 1980ರ ದಶಕದಲ್ಲಿ. ಕ್ಯಾಲ್ಸಿಯಂ ಸೇರಿದ ಆಲ್ಜಿನೇಟ್ ನೂಲು ಒಣಗಿರುವಾಗ ಹತ್ತಿಯ ಹಾಗಿರುತ್ತೆ. ಗಾಯದ ಮೇಲಿಟ್ಟರೆ ಒಸರುವ ನೀರಿನಲ್ಲಿರೋ ಸೋಡಿಯಂ ಒಳಗೆ ಬಂದು, ಕ್ಯಾಲ್ಸಿಯಂ ಹೊರಗೆ ಹೋಗಿ, ನೂಲೆಲ್ಲ ಉಬ್ಬಿ ಜೆಲ್ ಆಗುತ್ತೆ. ಹೆಚ್ಚಿನ ನೀರನ್ನು ಹೀರಿಕೊಂಡು ಗಾಯವನ್ನು ತೇವವಾಗಿಡುತ್ತೆ. ಯಾವ ಕೋಡೂ ಬರೀದೆ ಇಷ್ಟು ಕೆಲಸ! ನನ್ನಂಥ ಸಾಫ್ಟ್‌ವೇರಿನವನಿಗೆ ಹೊಟ್ಟೆಕಿಚ್ಚಾಗೋದು ಸಹಜ.

ಹಾಗಾದ್ರೆ ಸಕ್ಕರೆ ಕಾಯಿಲೆಯ ಹುಣ್ಣಿಗೂ ಇದೇ ಸಾಕಲ್ಲ? ಇಲ್ಲೇ ಕತೆ ತಿರುಗೋದು. ನಮ್ಮ ದೊಡ್ಡಪ್ಪ ಅಂಗಾಲಿನ ಹುಣ್ಣಿಗೆ ದುಬಾರಿ ಜೆಲ್ ಪಟ್ಟಿ ಕಟ್ಟಿಸಿಕೊಂಡು, ನೋವೇ ಇಲ್ಲ ಅಂತ ದಿನಾ ತೋಟಕ್ಕೆ ನಡೆದೇ ಹೋಗ್ತಿದ್ದರು. ಕೊನೆಗೆ ಎರಡು ಬೆರಳು ತೆಗೆಸಬೇಕಾಯಿತು. ನೋವಿಲ್ಲದಿರೋದೇ ಅಲ್ಲಿನ ರೋಗ ಅಂತ ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ.

ಇದನ್ನು ಚೆನ್ನಾಗಿ ಅರ್ಥಮಾಡಿಕೊಂಡವರು ಪಾಲ್ ಬ್ರಾಂಡ್. 1914ರಲ್ಲಿ ತಮಿಳುನಾಡಿನ ಕೊಲ್ಲಿಮಲೆಯಲ್ಲಿ ಹುಟ್ಟಿ, ವೆಲ್ಲೂರಿನಲ್ಲಿ ಕುಷ್ಠರೋಗಿಗಳಿಗೆ ಚಿಕಿತ್ಸೆ ಕೊಟ್ಟವರು. ಮಾಂಸ ತಾನಾಗಿ ಕೊಳೆಯೋದಿಲ್ಲ, ಸ್ಪರ್ಶ ಸತ್ತ ಪಾದವನ್ನು ರೋಗಿ ಗೊತ್ತಿಲ್ಲದೆ ತುಳಿದು ತುಳಿದು ಹಾಳುಮಾಡಿಕೊಳ್ತಾನೆ ಅಂತ ತೋರಿಸಿದರು. 1966ರಲ್ಲಿ ಅಮೆರಿಕದ ಕಾರ್ವಿಲ್‌ಗೆ ಹೋದ ಮೇಲೆ ಅದೇ ತಿಳುವಳಿಕೆಯನ್ನೂ, ಭಾರ ಹಂಚುವ ಪ್ಲಾಸ್ಟರ್ ಕಟ್ಟನ್ನೂ ಮಧುಮೇಹಿಗಳ ಪಾದಕ್ಕೆ ಬಳಸಿದರು.

ಜೆಲ್‌ಗಳ ಕೆಲಸವೂ ನಿಂತಿಲ್ಲ. 1997ರಲ್ಲಿ ಅಮೆರಿಕದಲ್ಲಿ ಬೆಕಾಪ್ಲರ್ಮಿನ್ ಎಂಬ ಔಷಧಿಗೆ ಮಧುಮೇಹದ ಪಾದದ ಹುಣ್ಣಿಗೆಂದೇ ಒಪ್ಪಿಗೆ ಸಿಕ್ಕಿತು. ಅದನ್ನು ಬೆರೆಸಿದ ಜೆಲ್ ಗಿಡಗಳ ಸೆಲ್ಯುಲೋಸಿನಿಂದ ಮಾಡಿದ್ದು. ಸಿಗಡಿ ಚಿಪ್ಪಿನ ಕೈಟೋಸಾನ್ ಮೇಲಂತೂ ಲೆಕ್ಕವಿಲ್ಲದಷ್ಟು ಪ್ರಬಂಧಗಳಿವೆ. ಆದರೆ 2023ರ ಅಂತರರಾಷ್ಟ್ರೀಯ ಮಾರ್ಗಸೂಚಿ, ಪಾದದ ಹುಣ್ಣು ಮಾಯಲಿ ಅಂತ ಆಲ್ಜಿನೇಟ್ ಪಟ್ಟಿ ಹಾಕಬೇಡಿ ಅನ್ನುತ್ತೆ, ಮಾಯಿಸುತ್ತೆ ಅನ್ನೋಕೆ ಸಾಕಷ್ಟು ಪುರಾವೆ ಇಲ್ಲವಂತೆ. ಅಂಗಾಲಿನ ಭಾರ ಇಳಿಸೋದಕ್ಕೇ ಅಲ್ಲಿ ಮೊದಲ ಮಣೆ.

ಹಾಗಾಗಿ “ಹೊಸ ಜೆಲ್, ಹದಿನೈದೇ ದಿನದಲ್ಲಿ ಗಾಯ ಮಾಯ” ಅನ್ನೋ ಸುದ್ದಿ ಕಂಡಾಗ ನಾನು ಮೊದಲು ಹುಡುಕೋದು, ಪ್ರಯೋಗ ಆಗಿದ್ದು ಯಾರ ಮೇಲೆ ಅಂತ. ಬಹಳ ಸಲ ಇಲಿಗಳ ಬೆನ್ನ ಮೇಲೆ. ಇಲಿಯ ಚರ್ಮ ಸಡಿಲ, ಗಾಯ ಹೆಚ್ಚಾಗಿ ಸುತ್ತಲಿನ ಚರ್ಮ ಎಳೆದುಕೊಂಡೇ ಮುಚ್ಚಿಹೋಗುತ್ತೆ. ಮೇಲಾಗಿ, ಇಲಿ ಬೆನ್ನ ಮೇಲೆ ನಡೆಯೋದಿಲ್ಲವಲ್ಲ!